ಬಯಲುಸೀಮೆ ಹುಡುಗಿ, ಕಡಲ್ಗಳ್ಳರ ಹಡಗು: ನನ್ನ ಕಾದಂಬರಿ ಎಲ್ಲಿ ತಪ್ಪುತ್ತಿದೆ ಹೇಳಿ

ಹೊಂಗೆನೆರಳು (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. 13ರಿಂದ 17 ವರ್ಷದ ಮಕ್ಕಳಿಗೆ. ಕಡಲ್ಗಳ್ಳರು, ಮಂತ್ರಶಕ್ತಿ, ದ್ವೀಪ, ಬಿರುಗಾಳಿ ಎಲ್ಲ ಇದೆ. ಕಾಲ 1510ರ ಆಸುಪಾಸು, ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತು. ನಾಯಕಿ ಕೆಂಚವ್ವ, 15 ವರ್ಷ. ಚಳ್ಳಕೆರೆ ಕಡೆಯ ಕುರಿ ಕಾಯುವ ಮನೆಯವಳು. ಅವಳ ಅಣ್ಣ ಹೊನ್ನಾವರ ಬಂದರಿನಲ್ಲಿ ಕಾಣೆಯಾಗಿದ್ದಾನೆ. ಹುಡುಕಿಕೊಂಡು ಹೋದವಳು ಕಡಲ್ಗಳ್ಳರ ಹಡಗು ಹತ್ತುತ್ತಾಳೆ. ಅವಳಿಗೆ ಒಬ್ಬ ಮುದುಕಿ ಮೂರು ಮಂತ್ರ ಕಲಿಸಿರುತ್ತಾಳೆ.

ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಏಳು ಮಕ್ಕಳನ್ನು ಕೂರಿಸಿಕೊಂಡು 12 ಅಧ್ಯಾಯ ಓದಿದೆ. ಮೊದಲ ನಾಲ್ಕು ಅಧ್ಯಾಯ ಯಾರೂ ಅಲ್ಲಾಡಲಿಲ್ಲ. ಹಡಗು ಹತ್ತಿದ ಮೇಲೆ ಒಬ್ಬೊಬ್ಬರೇ ಮೊಬೈಲ್ ತೆಗೆದರು. ಯಾಕೆ ಎಂದು ಕೇಳಿದರೆ ಒಬ್ಬ ಹುಡುಗಿ ಹೇಳಿದಳು: "ಕಷ್ಟ ಬಂದ ಕೂಡಲೇ ಮಂತ್ರ ಹಾಕ್ತಾಳೆ. ಇನ್ನೇನು ಭಯ?" ಇನ್ನೊಬ್ಬ ಕೇಳಿದ: "ಚಳ್ಳಕೆರೆ ಹುಡುಗಿ ಹಡಗಿನಲ್ಲಿ ಏನು ಮಾಡ್ತಾಳೆ? ಅವಳನ್ನ ಯಾಕೆ ಇಟ್ಕೋತಾರೆ?"

ಎರಡಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳ ಕಥೆ ಸಿಗುತ್ತದೆ, ದೊಡ್ಡವರ ಕಾದಂಬರಿ ಸಿಗುತ್ತದೆ. ನಡುವಿನ ವಯಸ್ಸಿನವರಿಗೆ ಕನ್ನಡದಲ್ಲಿ ಒಂದು ಸಾಲು ಕಪಾಟು ತುಂಬುವುದಿಲ್ಲ. ಅದಕ್ಕೇ ಇದನ್ನು ಬಿಡಲು ಮನಸ್ಸಿಲ್ಲ. ದಯವಿಟ್ಟು ಸಲಹೆ ಕೊಡಿ.

ಮಂಡಕ್ಕಿ ಮನೆ:
ಹೊನ್ನಾವರದವಳನ್ನೇ ನಾಯಕಿ ಮಾಡಿಬಿಡಿ ಸರ್. ಅರ್ಧ ಸಮಸ್ಯೆ ಹೋಯಿತು.

ಒಂಬತ್ತನೇ ಕ್ಲಾಸ್:
ಬೇಡ! ನಮ್ಮ ಕಡೆಯವಳೇ ಇರಲಿ. ನಾನು ಜಗಳೂರು. ನಮ್ಮ ಊರಿನ ಹುಡುಗಿ ಯಾವ ಪುಸ್ತಕದಲ್ಲೂ ಹಡಗು ಹತ್ತಿಲ್ಲ.

ಕೋಟೆಬಾಗಿಲು (ಚಿತ್ರದುರ್ಗ):
ಕಥೆ ಚೆನ್ನಾಗಿದೆ. ಇಸವಿ ಹಾಕಿದ್ದೀರಲ್ಲ, ಹಾಗಾಗಿ ಕೇಳುತ್ತೇನೆ. ದುರ್ಗದ ಪಾಳೆಗಾರರು ನಿಮ್ಮ ಕಥೆಯಲ್ಲಿ ಬರುತ್ತಾರಾ?

ಹೊಂಗೆನೆರಳು:
ಬರುತ್ತಾರೆ. ಎರಡನೇ ಅಧ್ಯಾಯದಲ್ಲಿ ಪಾಳೆಗಾರರ ಸೈನಿಕರು ಕೆಂಚವ್ವನನ್ನು ತಡೆಯುತ್ತಾರೆ.

ಕೋಟೆಬಾಗಿಲು:
ಅಲ್ಲೇ ತೊಂದರೆ. ತಿಮ್ಮಣ್ಣ ನಾಯಕನಿಗೆ ದುರ್ಗ ಸಿಕ್ಕಿದ್ದು 1568ರಲ್ಲಿ. ಕೊನೆಯ ಮದಕರಿ ನಾಯಕ ಹೈದರಾಲಿಗೆ ಸೋತದ್ದು 1779ರಲ್ಲಿ. 1510ಕ್ಕೆ ನಾಯಕರ ಆಳ್ವಿಕೆ ಇನ್ನೂ ಶುರುವೇ ಆಗಿಲ್ಲ. ವಿಜಯನಗರದ ಸುಂಕದವರು ತಡೆದರು ಎಂದು ಮಾಡಿ.

ಇನ್ನು "ನಮ್ಮ ಕಡೆಗೂ ಕಡಲಿಗೂ ಏನು ಸಂಬಂಧ" ಅನ್ನುವವರಿಗೆ ಒಂದು ಮಾತು. ದುರ್ಗದ ಬುಡದಲ್ಲೇ ಇರುವ ಚಂದ್ರವಳ್ಳಿಯನ್ನು ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ನರ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಸಮುದ್ರ ದಾಟಿ ಬಂದ ದುಡ್ಡು ಅದು. ಕೆಂಚವ್ವನಿಗಿಂತ ಸುಮಾರು ಸಾವಿರದೈನೂರು ವರ್ಷ ಮುಂಚೆಯೇ ಕಡಲು ನಮ್ಮ ಬಂಡೆಗಳ ಹತ್ತಿರ ಬಂದಿತ್ತು. ಕೆಂಚವ್ವ ಹೋದರೆ ಏನು ಆಶ್ಚರ್ಯ?

ಮಂಡಕ್ಕಿ ಮನೆ:
ಈ ನಾಣ್ಯದ ವಿಷಯ ನನಗೆ ಗೊತ್ತೇ ಇರಲಿಲ್ಲ. ಚಂದ್ರವಳ್ಳಿಗೆ ನಾಲ್ಕು ಸಲ ಹೋಗಿದ್ದೇನೆ, ಗುಹೆ ನೋಡಿ ವಾಪಸ್ ಬಂದಿದ್ದೇನೆ.

ಅಳಿವೆ (ಹೊನ್ನಾವರ, ಈಗ ದಾವಣಗೆರೆ):
ನಾನು ಹೊನ್ನಾವರದವಳು. ಮದುವೆಯಾಗಿ ಇಲ್ಲಿಗೆ ಬಂದು 11 ವರ್ಷ. ಹಡಗಿನ ಅಧ್ಯಾಯದ ಒಂದೆರಡು ಪುಟ ಇಲ್ಲೇ ಹಾಕುತ್ತೀರಾ? ಬಹಳ ಆಸೆಯಿಂದ ಕೇಳುತ್ತಿದ್ದೇನೆ.

ಹೊಂಗೆನೆರಳು:
ಒಂದು ತುಂಡು ಹಾಕುತ್ತೇನೆ ಮೇಡಂ:

"ಆಷಾಢದ ಅಮಾವಾಸ್ಯೆ. ಬಂದರಿನ ಕಟ್ಟೆಗೆ ತಾಗಿ ನಿಂತ ಹಡಗಿನ ಮೇಲೆ ತಲೆಬುರುಡೆಯ ಬಾವುಟ. ಒಂಟಿಕಣ್ಣಿನ ಯಜಮಾನ ಹೆಗಲ ಮೇಲಿನ ಗಿಳಿಗೆ ಮೆಣಸಿನಕಾಯಿ ತಿನ್ನಿಸುತ್ತ ಕೂಗಿದ: ಲಂಗರು ಎತ್ತಿ! ಹಡಗು ಕತ್ತಲೆಗೆ ನುಗ್ಗಿತು."

ಅಳಿವೆ:
ಬೇಜಾರು ಮಾಡಿಕೊಳ್ಳಬೇಡಿ. ಭಾಷೆ ಓಡುತ್ತದೆ. ಆದರೆ ನಮ್ಮ ಕಡಲು ಇದಲ್ಲ.

ಆಷಾಢದಲ್ಲಿ ನಮ್ಮ ಕಡಲಿಗೆ ಯಾರೂ ಇಳಿಯುವುದಿಲ್ಲ. ಮಳೆಗಾಲದ ಗಾಳಿ ನೈಋತ್ಯದಿಂದ ದಡಕ್ಕೇ ಬಡಿಯುತ್ತದೆ. ಹಾಯಿ ಹಡಗು ಹೊರಗೆ ಹೋಗುವುದಿರಲಿ, ಬಂಡೆಗೆ ಅಪ್ಪಳಿಸಿಬಿಡುತ್ತದೆ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ನೂಲಹುಣ್ಣಿಮೆಗೆ ಕಡಲಿಗೆ ಪೂಜೆ ಮಾಡಿ, ತೆಂಗಿನಕಾಯಿ ಬಿಟ್ಟು ಆಮೇಲೆ ಇಳಿಯುವವರು ನಮ್ಮ ಕಡೆ ಇದ್ದಾರೆ. ಹಿಂದಿನ ಕಾಲದಲ್ಲಿ ಪಶ್ಚಿಮದ ಬಂದರುಗಳೇ ಮಳೆಗಾಲ ಪೂರ್ತಿ ಮುಚ್ಚಿದ ಹಾಗೆ ಇರುತ್ತಿದ್ದವು.

ಇನ್ನೊಂದು, ಹೊನ್ನಾವರ ಇರುವುದು ಶರಾವತಿ ಕಡಲು ಸೇರುವ ಅಳಿವೆಯಲ್ಲಿ. ಅಲ್ಲಿ ಮರಳಿನ ದಿಬ್ಬ ಕೂರುತ್ತದೆ. ದೊಡ್ಡ ಹಡಗು ಉಬ್ಬರ ನೋಡಿಕೊಂಡು ಒಳಗೆ ಬರಬೇಕು, ಇಲ್ಲ ಹೊರಗೇ ನಿಂತು ಸಣ್ಣ ದೋಣಿ ಕಳಿಸಬೇಕು. ಸುಮ್ನೆ ಕಟ್ಟೆಗೆ ತಾಗಿ ನಿಲ್ಲುವುದಿಲ್ಲ. ಯೋಚನೆ ಮಾಡಿ, ಇಳಿತ ಬರುವ ಮುಂಚೆ ಅಳಿವೆ ದಾಟಬೇಕು, ಹಿಂದೆ ಸುಂಕದವರು ಬರುತ್ತಿದ್ದಾರೆ. ಇದಕ್ಕಿಂತ ಭಯ ಬೇಕಾ?

ಕೋಟೆಬಾಗಿಲು:
ಮೆಣಸಿನಕಾಯಿಯೂ ಇರಲಿಲ್ಲ. ಅದು ಅಮೆರಿಕದ ಗಿಡ. ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದದ್ದು. ಆಗ ಖಾರ ಅಂದರೆ ಕಾಳುಮೆಣಸು. ತಲೆಬುರುಡೆಯ ಬಾವುಟ ಬಂದದ್ದೂ ಸುಮಾರು ಇನ್ನೂರು ವರ್ಷ ಆದ ಮೇಲೆ, ಬೇರೆ ಸಮುದ್ರದಲ್ಲಿ.

ಮಂಡಕ್ಕಿ ಮನೆ:
ಮೆಣಸಿನಕಾಯಿ ಇಲ್ಲ ಅಂದರೆ ಮಿರ್ಚಿಯೂ ಇಲ್ಲ. ಮಿರ್ಚಿ ಇಲ್ಲದ ದಾವಣಗೆರೆ ಊಹಿಸಲೂ ಆಗಲ್ಲ.

ಕಂಬಳಿಗೊಪ್ಪೆ (ಚಳ್ಳಕೆರೆ):
ಶೇಂಗಾ ಕೂಡ ಇಲ್ಲ ಅಣ್ಣ. ನಮ್ಮ ಊರಿನ ಎಣ್ಣೆ ಮಿಲ್ಲುಗಳು ನಿಂತಿರುವುದೇ ಶೇಂಗಾ ಮೇಲೆ, ಅದೂ ಅಮೆರಿಕದಿಂದಲೇ ಬಂದದ್ದು. ಕೆಂಚವ್ವನ ಬುತ್ತಿಗೆ ಸಜ್ಜೆ ರೊಟ್ಟಿ, ಹುರುಳಿ, ಕುರಿ ಹಾಲು ಹಾಕಿ.

ಹರಿಗೋಲು (ಹರಿಹರ):
ಎಲ್ಲರೂ ತಪ್ಪು ಹುಡುಕುತ್ತಿದ್ದೀರಿ. ಇದು ಕಲ್ಪನೆಯ ಕಾದಂಬರಿ ಅಲ್ವಾ? ಮಂತ್ರ ಇರಬಹುದು ಅಂದರೆ ಮೆಣಸಿನಕಾಯಿ ಯಾಕಿರಬಾರದು? ಮಕ್ಕಳಿಗೆ ಬೇಕಿರುವುದು ಓಟ. ಇತಿಹಾಸದ ಪರೀಕ್ಷೆ ಅಲ್ಲ.

ಅಳಿವೆ:
ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಆದರೆ ಒಂಟಿಕಣ್ಣು, ಗಿಳಿ, ಬುರುಡೆ ಇವೆಲ್ಲ ಮಕ್ಕಳು ಟಿವಿಯಲ್ಲಿ ನೂರು ಸಲ ನೋಡಿದ್ದಾರೆ. ಮೊಬೈಲ್ ತೆಗೆದದ್ದು ಅದಕ್ಕೇ ಇರಬೇಕು. ಅಳಿವೆ ದಾಟುವುದನ್ನು ಅವರು ನೋಡಿಲ್ಲ.

ಒಂಬತ್ತನೇ ಕ್ಲಾಸ್:
ಹೌದು, ಗಿಳಿ ಬೋರ್.

ಕೋಟೆಬಾಗಿಲು:
ಕಡಲ್ಗಳ್ಳ ಅಂದರೆ ಯಾರು ಅನ್ನುವುದೂ ಮುಖ್ಯ. ಹೊನ್ನಾವರದಲ್ಲಿ ಆ ಕಾಲದಲ್ಲಿ ತಿಮೋಜ ಇದ್ದ. ಕೆಲವರ ಬರಹದಲ್ಲಿ ಅವನು ಕಡಲ್ಗಳ್ಳ, ಕೆಲವರಲ್ಲಿ ವಿಜಯನಗರದ ಪರವಾಗಿದ್ದ ನೌಕಾ ನಾಯಕ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಹಿಡಿಯಲು ನೆರವಾದವನೂ ಅವನೇ. ಇತ್ತ ಪೋರ್ಚುಗೀಸರು "ಕರ್ತಾಜ್" ಎಂಬ ಪರವಾನಗಿ ಚೀಟಿ ಮಾಡಿದರು. ದುಡ್ಡು ಕೊಟ್ಟು ಅದನ್ನು ತಗೋಬೇಕು. ಚೀಟಿ ಇಲ್ಲದ ಹಡಗು ಸಿಕ್ಕರೆ ಹಡಗೂ ಸರಕೂ ಅವರದೇ. ನೂರಾರು ವರ್ಷದಿಂದ ಎಲ್ಲರೂ ಓಡಾಡಿದ ನೀರಿಗೆ ಚೀಟಿ! ಹೀಗಿರುವಾಗ ಕಳ್ಳ ಯಾರು? ನಿಮ್ಮ ಯಜಮಾನ ಚೀಟಿ ತಗೊಳ್ಳದ ವ್ಯಾಪಾರಿ ಆಗಿರಲಿ. ಅವನು ಒಳ್ಳೆಯವನಾ ಕೆಟ್ಟವನಾ ಅಂತ ಕೆಂಚವ್ವ ಪುಸ್ತಕದ ಕೊನೆವರೆಗೂ ತೂಗುತ್ತಿರಲಿ.

ಹರಿಗೋಲು:
ಇದು ಚೆನ್ನಾಗಿದೆ. ಸೋತೆ.

ಹೊಂಗೆನೆರಳು:
ನಾನು ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಆದರೆ ಕೆಂಚವ್ವ ಹೋಗುವುದು ಹೇಗೆ? ಅವಳು ಅಲ್ಲಿ ಯಾಕೆ ಬೇಕಾಗುತ್ತಾಳೆ?

ಕಂಬಳಿಗೊಪ್ಪೆ:
ನೀವು ಅವಳನ್ನು ಚಳ್ಳಕೆರೆಯವಳು ಮಾಡಿ ಕಂಬಳಿ ಮರೆತಿದ್ದೀರಿ. ನಮ್ಮ ಕಂಬಳಿಗೆ ಮಲೆನಾಡಿನಲ್ಲಿ ಎಷ್ಟು ಬೇಡಿಕೆ ಗೊತ್ತಾ? ಮಳೆಯಲ್ಲಿ ಗದ್ದೆಗೆ ಇಳಿಯುವವರು ಕಂಬಳಿಯನ್ನೇ ಕೊಪ್ಪೆ ಮಾಡಿ ತಲೆಯ ಮೇಲಿಂದ ಹಾಕಿಕೊಳ್ಳುತ್ತಿದ್ದರು. ಹೇರೆತ್ತುಗಳ ಮೇಲೆ ಕಂಬಳಿ ಹೇರಿಕೊಂಡು ಘಟ್ಟ ಇಳಿಯಲಿ. ವಾಪಸ್ ಬರುವಾಗ ಉಪ್ಪು, ಮೆಣಸು. ಆ ಸಾಲಿನಲ್ಲಿ ಅವಳೂ ನಡೆಯಲಿ.

ಆಮೇಲೆ ಇದು ಕೇಳಿ. ಗುಂಡಿ ಮಗ್ಗದಲ್ಲಿ ನೇಯುವಾಗ ಕಂಬಳಿ ಕಿರಿದಾದ ಪಟ್ಟಿಯಾಗಿ ಬರುತ್ತದೆ. ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿಯಬೇಕು. ನಮ್ಮಜ್ಜಿ ಹೊಲಿದ ಜಾಗ ಬೆರಳಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ನೀರು ಒಳಗೆ ಇಳಿಯುತ್ತಿರಲಿಲ್ಲ. ಕೆಂಚವ್ವನಿಗೆ ಆ ಕೈ ಇರುತ್ತದೆ.

ಅಳಿವೆ:
ಅಯ್ಯೋ, ಇದನ್ನು ಓದಿ ಮೈ ಜುಂ ಅಂತು. ಆ ಕಾಲದಲ್ಲಿ ನಮ್ಮ ಕಡಲಿನ ಎಷ್ಟೋ ಹಡಗುಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು! ಹೊಲಿದ ಹಡಗು. ದಿಬ್ಬಕ್ಕೆ ತಾಗಿದರೂ ಬಳುಕುತ್ತದೆ, ಪಟ್ಟನೆ ಒಡೆಯುವುದಿಲ್ಲ. ಆದರೆ ಹಗ್ಗ ಕೊಳೆಯುತ್ತದೆ. ಆಗಾಗ ಬಿಚ್ಚಿ ಹೊಸದಾಗಿ ಹೊಲಿಯಬೇಕು. ನಿಮ್ಮ ಹುಡುಗಿಗೆ ಹಡಗಿನಲ್ಲಿ ಕೆಲಸ ಸಿಕ್ಕಿತಲ್ಲ!

ಹೊಂಗೆನೆರಳು:
ಕಣ್ಣಲ್ಲಿ ನೀರು ಬಂತು ಮೇಡಂ. ಎರಡು ವರ್ಷ ಇದಕ್ಕೆ ಒದ್ದಾಡಿದ್ದೇನೆ.

ಮಂಡಕ್ಕಿ ಮನೆ:
ಹೊನ್ನಾವರದವಳನ್ನು ಮಾಡಿ ಅಂದ ನನ್ನ ಸಲಹೆ ವಾಪಸ್ ತಗೊಂಡೆ.

ಮಾರಿಕಣಿವೆ (ಹಿರಿಯೂರು):
ಸ್ವಲ್ಪ ಬೇರೆ ಮಾತು, ಆದರೂ ಹೇಳುತ್ತೇನೆ. ಅವಳು ಮೊದಲ ಸಲ ಕಡಲು ನೋಡುವ ಜಾಗ ಅವಸರದಲ್ಲಿ ಬರೆಯಬೇಡಿ. 2022ರಲ್ಲಿ ನಮ್ಮ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತು. ಊರಿಗೆ ಊರೇ ಅಲ್ಲಿತ್ತು. ನಮ್ಮ ದೊಡ್ಡಮ್ಮನಿಗೆ ಆಗ 81. ಕೋಡಿ ನೀರಿನ ಮುಂದೆ ನಿಂತು ಒಂದು ಮಾತೂ ಆಡಲಿಲ್ಲ. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಅರ್ಧ ಗಂಟೆ ಹಾಗೇ ನಿಂತಿದ್ದರು. ನೀರಿಲ್ಲದ ಸೀಮೆಯವರು ನೀರು ನೋಡುವ ರೀತಿಯೇ ಬೇರೆ. ಕಡಲ ಬದಿಯಲ್ಲಿ ಹುಟ್ಟಿದವರಿಗೆ ಅದು ಬರುವುದಿಲ್ಲ. ಕೆಂಚವ್ವನೂ ಚಪ್ಪಲಿ ಬಿಡಲಿ.

ಒಂಬತ್ತನೇ ಕ್ಲಾಸ್:
ನಾನು ಏಳನೇ ಕ್ಲಾಸ್ ಟೂರಿನಲ್ಲಿ ಮುರುಡೇಶ್ವರದಲ್ಲಿ ನೋಡಿದ್ದು. ಸದ್ದು ಜಾಸ್ತಿ ಇರುತ್ತೆ ಅಂತ ಯಾರೂ ಹೇಳಿರಲಿಲ್ಲ. ರಾತ್ರಿ ಮಲಗಿದಾಗಲೂ ಕಿವಿಯಲ್ಲಿತ್ತು.

ಹೊಂಗೆನೆರಳು:
ಸದ್ದು! ನಾನು ಬರೆದಿಲ್ಲ. ಬರೆಯುತ್ತೇನೆ ಮರಿ.

ಈಗ ಮಂತ್ರದ ವಿಷಯ. ಪೂರ್ತಿ ತೆಗೆದುಬಿಡಲಾ?

ಹರಿಗೋಲು:
ತೆಗೆಯಬೇಡಿ. ಬೆಲೆ ಕಟ್ಟಿ. ನಮ್ಮ ಊರುಗಳಲ್ಲಿ ಮಂತ್ರಕ್ಕಿಂತ ಹರಕೆ ದೊಡ್ಡದು. ಕೇಳಿದ್ದು ಸಿಕ್ಕಿತು ಅಂದರೆ ತೀರಿಸಲೇಬೇಕು. ತೀರಿಸದಿದ್ದರೆ ಅದು ನಮ್ಮ ಮನೆ ಬಾಗಿಲಿಗೆ ಬರುತ್ತದೆ. ನಮ್ಮ ತಾತ ಎತ್ತಿನ ಕಾಯಿಲೆ ವಾಸಿಯಾದರೆ ಹರಿಹರೇಶ್ವರನಿಗೆ ನಡೆದು ಬರುತ್ತೇನೆ ಅಂದಿದ್ದರಂತೆ. ಸುಗ್ಗಿ ಅಂತ ಮುಂದೆ ಹಾಕಿದರು. ಸಾಯುವ ದಿನದವರೆಗೂ ಅದೇ ಮಾತು, "ನಡೀಲಿಲ್ಲ ಕಣೋ". ಆಮೇಲೆ ನಮ್ಮಪ್ಪ ನಡೆದರು.

ಹಡಗಿನವರು ಕಡಲಿಗೆ ಹರಕೆ ಹೊರಲಿ. ಗಾಳಿ ಸಿಗುತ್ತದೆ. ಆದರೆ ಆ ಯಜಮಾನ ಇಪ್ಪತ್ತು ವರ್ಷದಿಂದ ಒಂದನ್ನೂ ತೀರಿಸಿಲ್ಲ. ಕಡಲು ಲೆಕ್ಕ ಇಟ್ಟಿದೆ.

ಒಂಬತ್ತನೇ ಕ್ಲಾಸ್:
ಇದು ಓದ್ತೀನಿ ನಾನು. ಯಾವಾಗ ಬರುತ್ತೆ?

ಅಳಿವೆ:
ಭಟ್ಕಳ, ಮುರುಡೇಶ್ವರದ ಕಡಲಲ್ಲಿ ನೇತ್ರಾಣಿ ದ್ವೀಪ ಇದೆ. ಅಲ್ಲಿ ಆಡುಗಳಿವೆ. ಹರಕೆಗೆ ಬಿಟ್ಟವು ಅಂತಾರೆ. ಜನವಸತಿ ಇಲ್ಲ, ಸುತ್ತ ಕಡಿದಾದ ಬಂಡೆ. ಹರಕೆ ತೀರಿಸಲು ಅಲ್ಲಿಗೇ ಹೋಗಲಿ.

ಜೋಗಿಮಟ್ಟಿ (ಚಿತ್ರದುರ್ಗ):
ನಾನು ವಿಜ್ಞಾನ ಮೇಷ್ಟ್ರು. ಇದು ನನಗೆ ಸರಿ ಕಾಣುತ್ತಿಲ್ಲ. ಹರಕೆ ಹೊತ್ತರೆ ಗಾಳಿ ಬೀಸುತ್ತದೆ ಅಂತ ಮಕ್ಕಳಿಗೆ ಹೇಳಬೇಕಾ? ಪರೀಕ್ಷೆಗೆ ಓದುವ ಬದಲು ಹರಕೆ ಹೊರುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಹರಿಗೋಲು:
ಕಥೆಯಲ್ಲಿ ಹಾರುವ ಕುದುರೆ ಓದಿದ ಮಗು ಕುದುರೆ ಹತ್ತಿ ಮಾಳಿಗೆಯಿಂದ ಹಾರುವುದಿಲ್ಲ ಮೇಷ್ಟ್ರೇ. ಮಕ್ಕಳು ಅಷ್ಟು ದಡ್ಡರಲ್ಲ. ಇಲ್ಲಿ ಹರಕೆ ಅಂದರೆ ಕೊಟ್ಟ ಮಾತು. ಮಾತು ಕೊಟ್ಟು ತಪ್ಪಿದವನ ಕಥೆ ಇದು.

ಜೋಗಿಮಟ್ಟಿ:
ಮಾತಿನ ಕಥೆ ಅಂದರೆ ಒಪ್ಪುತ್ತೇನೆ. ಆದರೆ ಕೊನೆಗೆ ಕೆಂಚವ್ವ ಗೆಲ್ಲುವುದು ಹರಕೆಯಿಂದ ಆಗಬಾರದು. ಕೈಕೆಲಸದಿಂದ, ತಲೆಯಿಂದ ಆಗಬೇಕು.

ಶಾಂತಿಸಾಗರ (ಚನ್ನಗಿರಿ):
ನನ್ನದೂ ಒಂದು ಕೋರಿಕೆ ಇದೆ. ನಾನು ಸೂಳೆಕೆರೆ ಪಕ್ಕದ ಊರಿನವಳು. ಕೆರೆ ಕಟ್ಟಿಸಿದ ಶಾಂತವ್ವನ ಕಥೆ ಕೇಳಿ ಬೆಳೆದವಳು. ನಮ್ಮಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಕೊನೆಗೆ ಅವಳು ಅದೇ ನೀರಿಗೆ ಹಾರುತ್ತಾಳೆ. ಚಿಕ್ಕವಳಿದ್ದಾಗ ಏರಿ ಮೇಲೆ ನಡೆಯುವಾಗ ನೀರಿನ ಕಡೆ ನೋಡಲು ಹೆದರುತ್ತಿದ್ದೆ. ಅಷ್ಟು ದೊಡ್ಡ ಕೆರೆ ಕಟ್ಟಿಸಿದವಳು ಯಾಕೆ ಸಾಯಬೇಕು ಅಂತ ಕೇಳಿದರೆ ಅಜ್ಜಿ "ಕಥೆ ಇರೋದೇ ಹಾಗೆ" ಅನ್ನುತ್ತಿದ್ದರು.

ನಮ್ಮ ಕಡೆ ನೀರಿಗೆ ಹೆಣ್ಣನ್ನು ಕೊಡುವ ಕಥೆಗಳು ಬೇಕಾದಷ್ಟಿವೆ. ಯಜಮಾನನ ಹರಕೆ ಬಾಕಿಗೆ ಕೆಂಚವ್ವನನ್ನು ಕೊಡಬೇಡಿ. ಅವಳು ತಾನೇ ಮುಂದೆ ಬಂದು ಹಾರುವ ಹಾಗೂ ಬರೆಯಬೇಡಿ. ನನಗೆ 12 ವರ್ಷದ ಮಗಳಿದ್ದಾಳೆ. ನೀರಿನಿಂದ ವಾಪಸ್ ಬರುವ ಹುಡುಗಿಯ ಕಥೆ ಅವಳಿಗೆ ಬೇಕು.

ಹೊಂಗೆನೆರಳು:
ನಿಜ ಹೇಳುತ್ತೇನೆ ಅಕ್ಕ. ಹರಿಗೋಲು ಅವರ ಮಾತು ಓದಿದ ಕೂಡಲೇ ನನ್ನ ತಲೆಗೆ ಬಂದದ್ದು ಅದೇ ಕೊನೆ. ನೀವು ಹೇಳದಿದ್ದರೆ ಬರೆದುಬಿಡುತ್ತಿದ್ದೆ. ಬರೆಯುವುದಿಲ್ಲ. ವಾಪಸ್ ಬರುತ್ತಾಳೆ. ಆದರೆ ನಡುಗಡಲಿನಿಂದ ಹೇಗೆ? ಯಜಮಾನ ಇಲ್ಲ, ದಾರಿ ಗೊತ್ತಿರುವವರು ಯಾರೂ ಇಲ್ಲ.

ಜೋಗಿಮಟ್ಟಿ:
ಇದಕ್ಕೆ ನನ್ನ ಹತ್ತಿರ ಉತ್ತರ ಇದೆ. ಸ್ವಲ್ಪ ಉದ್ದವಾಗುತ್ತದೆ.

ಅರಬ್ ನಾವಿಕರ ಹತ್ತಿರ "ಕಮಾಲ್" ಎಂಬ ಸಾಧನ ಇತ್ತು. ಒಂದು ಸಣ್ಣ ಮರದ ಹಲಗೆ, ನಡುವೆ ಒಂದು ದಾರ, ದಾರದಲ್ಲಿ ಗಂಟುಗಳು. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಮುಂದೆ ಹಿಡಿಯಬೇಕು. ಹಲಗೆಯ ಕೆಳ ಅಂಚು ಕಡಲಿನ ಗೆರೆಗೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ಸರಿಯಾಗಿ ಕೂರುವ ತನಕ ಹಲ್ಲಿಗೂ ಹಲಗೆಗೂ ನಡುವಿನ ದಾರ ಉದ್ದ ಗಿಡ್ಡ ಮಾಡಬೇಕು. ಯಾವ ಗಂಟಿನಲ್ಲಿ ಕೂತಿತೋ ಅದು ಆ ಊರಿನ ಗಂಟು. ಯಾಕೆಂದರೆ ಧ್ರುವ ನಕ್ಷತ್ರದ ಎತ್ತರವೇ ನಿಮ್ಮ ಅಕ್ಷಾಂಶ. ತೆಂಕಣಕ್ಕೆ ಹೋದರೆ ನಕ್ಷತ್ರ ಇಳಿಯುತ್ತದೆ, ಬಡಗಣಕ್ಕೆ ಹೋದರೆ ಏರುತ್ತದೆ. ಬೇಕಾದ ಬಂದರಿನ ಗಂಟು ಬರುವವರೆಗೆ ಸಾಗಿ, ಆಮೇಲೆ ಅದೇ ಎತ್ತರ ಬಿಡದೆ ನೇರ ಪೂರ್ವಕ್ಕೆ ಹೋದರೆ ಬಂದರು ಸಿಗುತ್ತದೆ. ಎತ್ತರವನ್ನು ಬೆರಳಿನ ಲೆಕ್ಕದಲ್ಲಿ ಹೇಳುತ್ತಿದ್ದರು.

ಈಗ ಭೂಪಟ ತೆಗೆಯಿರಿ. ಹೊನ್ನಾವರ 14.28 ಡಿಗ್ರಿ. ಚಳ್ಳಕೆರೆ 14.31. ಚಿತ್ರದುರ್ಗ 14.23. ದಾವಣಗೆರೆ 14.46. ಎಲ್ಲ ಒಂದೇ ಗೆರೆ!

ಕಂಬಳಿಗೊಪ್ಪೆ:
ಅಂದರೆ ಅವಳ ಊರಿನ ಗಂಟೇ ಹೊನ್ನಾವರದ ಗಂಟು?

ಜೋಗಿಮಟ್ಟಿ:
ಅದೇ. ಅವಳಿಗೆ ಯಾರೂ ದಾರಿ ಹೇಳಬೇಕಿಲ್ಲ. ಮನೆ ಮುಂದೆ ಕುರಿ ಕಾಯುವಾಗ ನಕ್ಷತ್ರ ಎಷ್ಟು ಎತ್ತರ ಇತ್ತೋ ಅಷ್ಟೇ ಎತ್ತರಕ್ಕೆ ತಂದು ನಿಲ್ಲಿಸಿ, ಪೂರ್ವಕ್ಕೆ ತಿರುಗಿದರೆ ಸಾಕು.

ಕಂಬಳಿಗೊಪ್ಪೆ:
ನಮ್ಮ ಕಡೆ ಕಾವಲು, ಅಂದರೆ ಹುಲ್ಲುಗಾವಲು, ಚಪ್ಪಟೆ ಬಯಲು. ಬಡಗಣಕ್ಕೆ ನೋಡಿದರೆ ನೆಲವೂ ಆಕಾಶವೂ ಕಡಲಿನ ಹಾಗೇ ಗೆರೆ ಎಳೆದಂತೆ ಸೇರುತ್ತವೆ. ರಾತ್ರಿ ಹಟ್ಟಿ ಕಾಯುವವರಿಗೆ ಚುಕ್ಕಿಯೇ ಗಡಿಯಾರ. ಅವಳಿಗೆ ಗೊತ್ತಿರಲೇಬೇಕು.

ಕೋಟೆಬಾಗಿಲು:
ಒಂದು ಅಡ್ಡ ಪ್ರಶ್ನೆ. 1510ರಲ್ಲಿ ಧ್ರುವ ನಕ್ಷತ್ರ ಈಗಿನ ಜಾಗದಲ್ಲೇ ಇತ್ತಾ?

ಜೋಗಿಮಟ್ಟಿ:
ಒಳ್ಳೆಯ ಪ್ರಶ್ನೆ. ಇರಲಿಲ್ಲ. ಈಗ ಧ್ರುವದಿಂದ ಒಂದು ಡಿಗ್ರಿಗಿಂತ ಕಡಿಮೆ ದೂರ, ಆಗ ಸುಮಾರು ಮೂರೂವರೆ ಡಿಗ್ರಿ. ರಾತ್ರಿಯೊಳಗೆ ಏರುತ್ತ ಇಳಿಯುತ್ತ ಸುತ್ತುತ್ತಿತ್ತು. ನಾವಿಕರಿಗೆ ಅದು ಗೊತ್ತಿತ್ತು, ಬೇರೆ ನಕ್ಷತ್ರ ನೋಡಿ ಸರಿಮಾಡಿಕೊಳ್ಳುತ್ತಿದ್ದರು. ಕಥೆಗೆ ಇದು ಒಳ್ಳೆಯದೇ. ಹಡಗಿನ ಹುಡುಗ ತಪ್ಪು ಹೊತ್ತಿನಲ್ಲಿ ಅಳೆದು ಹಡಗು ದಾರಿ ತಪ್ಪಿಸಲಿ. ಸುತ್ತುವ ಚುಕ್ಕಿಯನ್ನು ರಾತ್ರಿಯೆಲ್ಲ ನೋಡಿ ಗೊತ್ತಿರುವ ಕೆಂಚವ್ವ ಅದನ್ನು ಹಿಡಿಯಲಿ.

ಇದನ್ನು ಎಲ್ಲರೂ ಮಾಡಿ ನೋಡಬಹುದು. ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲ್ ತಗೊಳ್ಳಿ. ಕಣ್ಣಿನಿಂದ 60 ಸೆಂಟಿಮೀಟರ್ ದೂರ, ಅಂದರೆ ಹೆಚ್ಚುಕಡಿಮೆ ಕೈ ಚಾಚಿದಷ್ಟು, ನೆಟ್ಟಗೆ ಹಿಡಿಯಿರಿ. 0 ನೆಲದ ಗೆರೆಗೆ ಇದ್ದರೆ ನಕ್ಷತ್ರ 15ರ ಹತ್ತಿರ ಬರಬೇಕು. 15 ಸೆಂಟಿಮೀಟರ್ ಸ್ಕೇಲ್ ಅಷ್ಟು ದೂರದಲ್ಲಿ 14 ಡಿಗ್ರಿಗೆ ಸ್ವಲ್ಪ ಮೇಲೆ ತುಂಬುತ್ತದೆ. ಈಗ ಬೇಸಿಗೆಯಲ್ಲಿ ಸಂಜೆ ಸಪ್ತರ್ಷಿ ಮಂಡಲ ಚೆನ್ನಾಗಿ ಕಾಣುತ್ತದೆ. ಅದರ ಮೊದಲ ಎರಡು ನಕ್ಷತ್ರದ ಗೆರೆ ಹಿಡಿದು ಹೋದರೆ ಧ್ರುವ ನಕ್ಷತ್ರ ಸಿಗುತ್ತದೆ.

ಮಂಡಕ್ಕಿ ಮನೆ:
ನಮ್ಮ ಟೆರೇಸಿನಿಂದ ನೋಡಿದೆ. ಬಡಗಣಕ್ಕೆ ಮೂರಂತಸ್ತಿನ ಕಟ್ಟಡ. ನಕ್ಷತ್ರ ಇಷ್ಟು ಕೆಳಗೆ ಇರುತ್ತೆ ಅಂತ ಗೊತ್ತಿರಲಿಲ್ಲ. ಬೈಪಾಸ್ ಆಚೆ ಹೊಲಕ್ಕೆ ಹೋಗಬೇಕು.

ಶಾಂತಿಸಾಗರ:
ಮಗಳ ಜೊತೆ ಕೆರೆ ಏರಿ ಮೇಲೆ ನಿಂತು ಮಾಡಿದೆ. ಆಚೆ ಗುಡ್ಡ ಅಡ್ಡ ಬರುತ್ತದೆ, ಲೆಕ್ಕ ಸರಿ ಬರಲಿಲ್ಲ. ಆದರೆ ಅವಳು ಒಂದು ಗಂಟೆ ನೀರಿನ ಪಕ್ಕ ಕೂತು ಆಕಾಶ ನೋಡಿದಳು. ನಾನೂ ಕೂತೆ.

ಕಂಬಳಿಗೊಪ್ಪೆ:
ರಾತ್ರಿ ಎಂಟೂವರೆಗೆ ಕಾವಲಿಗೆ ಹೋದೆ. ತಮ್ಮನ ಮಗನ ಸ್ಕೇಲು, ಕಂಬಳಿ ದಾರ. ದಾರವನ್ನು ಕಿವಿಗೆ ಸುತ್ತಿ ಅಳತೆ ಹಿಡಿದೆ. ನಕ್ಷತ್ರ ಮಸುಕಾಗಿತ್ತು, ಆದರೂ ಸಿಕ್ಕಿತು. 15ರ ಗುರುತಿಗೆ ಒಂದು ಕೂದಲು ಕೆಳಗೆ. ದಾರಕ್ಕೆ ಅಲ್ಲೇ ಗಂಟು ಹಾಕಿದ್ದೇನೆ.

ಅಳಿವೆ:
ಆ ದಾರ, ಸ್ಕೇಲು ಎರಡನ್ನೂ ನನಗೆ ಕೊಡುತ್ತೀರಾ? ಶನಿವಾರ ಊರಿಗೆ ಹೋಗುತ್ತಿದ್ದೇನೆ. ನಮ್ಮ ದಂಡೆಯಿಂದ ಬಡಗಣಕ್ಕೆ ಕುಮಟಾ ಕಡೆಯ ಗುಡ್ಡ ಬರುತ್ತದೆ, ಅಲ್ಲಿಂದ ಆಗಲ್ಲ. ನಮ್ಮ ಅಣ್ಣ ದೋಣಿಯಲ್ಲಿ ರಾತ್ರಿ ಮೀನಿಗೆ ಹೋಗುತ್ತಾನೆ. ಅವನ ಕೈಯಲ್ಲಿ ಕೊಟ್ಟು ಹೊರಗಡಲಿನಲ್ಲಿ ಹಿಡಿಯಲು ಹೇಳುತ್ತೇನೆ.

ಕಂಬಳಿಗೊಪ್ಪೆ:
ಶುಕ್ರವಾರ ದಾವಣಗೆರೆ ಬಸ್ಸಿಗೆ ನಾನೇ ಬರುತ್ತೇನೆ ಅಕ್ಕ. ಕೈಗೇ ಕೊಡುತ್ತೇನೆ, ಗಂಟು ಬಿಚ್ಚಿಹೋಗಬಾರದು.

ಹೊಂಗೆನೆರಳು:
ಬಸ್ ಸ್ಟ್ಯಾಂಡಿಗೆ ನಾನೂ ಬರುತ್ತೇನೆ. ಏಳು ಮಕ್ಕಳೂ ಬರುತ್ತಾರಂತೆ. ಐದನೇ ಅಧ್ಯಾಯ ಹೊಸದಾಗಿ ಶುರು ಮಾಡಿದ್ದೇನೆ, ಅಳಿವೆಯಿಂದ.

ಒಂಬತ್ತನೇ ಕ್ಲಾಸ್:
ದೋಣಿಯಲ್ಲಿ ಏನಾಯ್ತು ಅಂತ ಇಲ್ಲೇ ಹೇಳಿ, ಮರೀಬೇಡಿ. ಆಮೇಲೆ ಕೆಂಚವ್ವನ ಅಣ್ಣ ಸಿಗ್ತಾನಾ ಇಲ್ವಾ?